ಟೆರಾಹರ್ಟ್ಸ್ ಅಲೆಗೆ ತೋಡಿನ ದಾರಿ

ಮೈಕ್ರೋವೇವ್ ಮತ್ತು ಇನ್‌ಫ್ರಾರೆಡ್ ಕಿರಣಗಳ ನಡುವೆ ಸುಮಾರು 0.1ರಿಂದ 10 ಟೆರಾಹರ್ಟ್ಸ್ ಆವೃತ್ತಿಯ ಅಲೆಗಳಿವೆ. 1 ಟೆರಾಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಕಂಪನ, ತರಂಗಾಂತರ 0.3 ಮಿಲಿಮೀಟರ್. ಈ ಅಲೆಗಳನ್ನು ಪುಟ್ಟ ಚಿಪ್‌ನೊಳಗೆ ಬೇಕಾದ ದಾರಿಯಲ್ಲಿ ಒಯ್ಯುವುದು ಹೇಗೆ?

ಬೆಳಕಿನ ಆವೃತ್ತಿಯಲ್ಲಿ ಚಿನ್ನ, ಬೆಳ್ಳಿಯ ಮೇಲ್ಮೈಗೆ ಅಂಟಿಕೊಂಡು ಸಾಗುವ ಅಲೆಗಳುಂಟು. ಅವೇ ಸರ್ಫೇಸ್ ಪ್ಲಾಸ್ಮಾನ್‌ಗಳು. ಆದರೆ ಟೆರಾಹರ್ಟ್ಸ್‌ನಲ್ಲಿ ಲೋಹವು ಬಹುತೇಕ ಪರಿಪೂರ್ಣ ವಾಹಕದಂತೆ ವರ್ತಿಸುತ್ತದೆ. ವಿದ್ಯುತ್ ಕ್ಷೇತ್ರ ಒಳಗೆ ಇಳಿಯುವುದೇ ಇಲ್ಲವೆನ್ನಬಹುದು. ಆದ್ದರಿಂದ ನಯವಾದ ಲೋಹದ ಮೇಲೆ ಅಲೆಯ ಹಿಡಿತ ಸಡಿಲ. ಅದು ಗಾಳಿಯಲ್ಲಿ ಅನೇಕ ತರಂಗಾಂತರಗಳಷ್ಟು ಎತ್ತರಕ್ಕೆ ಹರಡುತ್ತದೆ. ಪಕ್ಕದ ದಾರಿಯ ಸಂಕೇತದೊಂದಿಗೆ ಬೆರೆಯುತ್ತದೆ, ತಿರುವಿನಲ್ಲಿ ಸೋರಿಹೋಗುತ್ತದೆ.

2004ರಲ್ಲಿ ಪೆಂಡ್ರಿ, ಮಾರ್ಟಿನ್-ಮೊರೆನೊ ಮತ್ತು ಗಾರ್ಸಿಯಾ-ವಿಡಾಲ್ ಒಂದು ಉಪಾಯ ಸೂಚಿಸಿದರು: ಲೋಹವನ್ನು ಬದಲಿಸಬೇಡಿ, ಮೇಲ್ಮೈಯ ಆಕಾರ ಬದಲಿಸಿ. ತರಂಗಾಂತರಕ್ಕಿಂತ ಚಿಕ್ಕ ರಂಧ್ರಗಳನ್ನು ಸಾಲಾಗಿ ಕೊರೆದರೆ ಪರಿಪೂರ್ಣ ವಾಹಕವೂ ಅಲೆಯನ್ನು ಹಿಡಿದಿಡುತ್ತದೆ. 2008ರಲ್ಲಿ ಗುಳಿಗಳಿರುವ ಲೋಹದ ಮೇಲೆ ಟೆರಾಹರ್ಟ್ಸ್ ಅಲೆಗಳಿಂದಲೇ ಇದನ್ನು ಪ್ರಯೋಗ ಮಾಡಿ ತೋರಿಸಲಾಯಿತು.

ರಂಧ್ರದ ಬದಲು ಕಿರಿದಾದ ತೋಡುಗಳಿದ್ದರೆ ಲೆಕ್ಕ ಸುಲಭ. ಅಲೆ ತೋಡಿಗಿಳಿದು, ತಳಕ್ಕೆ ಬಡಿದು ಹಿಂದಿರುಗುತ್ತದೆ. ಹೀಗಾಗಿ ಅದರ ಮುನ್ನಡೆ ನಿಧಾನವಾಗುತ್ತದೆ. ಗಾಳಿಯಲ್ಲಿನ ಅಲೆಗಿಂತ ನಿಧಾನವಾದುದು ಗಾಳಿಗೆ ತಪ್ಪಿಸಿಕೊಳ್ಳಲಾರದು. ಪ್ರಯೋಗಾಲಯದ ಅನುರಣನ ಕೊಳವೆಯನ್ನು ನೆನಪಿಸಿಕೊಳ್ಳಿ: ಒಂದು ತುದಿ ಮುಚ್ಚಿದ ಕೊಳವೆಯ ಉದ್ದ ತರಂಗಾಂತರದ ಕಾಲು ಭಾಗವಾದಾಗ ಅನುರಣನೆ. ಇಲ್ಲಿಯೂ ಅದೇ ನಿಯಮ. 75 ಮೈಕ್ರೋಮೀಟರ್ ಆಳದ ತೋಡಿಗೆ ಈ ಆವೃತ್ತಿ 1 ಟೆರಾಹರ್ಟ್ಸ್.

ತೋಡಿನ ಅಗಲ, ಎರಡು ತೋಡುಗಳ ನಡುವಿನ ಅಂತರದ ಅರ್ಧದಷ್ಟಿದೆ ಎಂದುಕೊಳ್ಳಿ. ಸರಳ ಮಾದರಿಯ ಪ್ರಕಾರ, 0.4 ಟೆರಾಹರ್ಟ್ಸ್‌ನಲ್ಲಿ ಅಲೆಯ ಕ್ಷೇತ್ರ ಸುಮಾರು 330 ಮೈಕ್ರೋಮೀಟರ್ ಎತ್ತರದಲ್ಲಿ ಶೇ. 37ಕ್ಕೆ ಇಳಿಯುತ್ತದೆ. 0.8 ಟೆರಾಹರ್ಟ್ಸ್‌ನಲ್ಲಿ ಕೇವಲ 39 ಮೈಕ್ರೋಮೀಟರ್ ಸಾಕು! ಅನುರಣನೆಗೆ ಹತ್ತಿರವಾದಷ್ಟೂ ಹಿಡಿತ ಬಿಗಿ. ದಾರಿಗಳನ್ನು ಒತ್ತೊತ್ತಾಗಿ ಇಡಬಹುದು.

ಆದರೆ ಬಿಗಿ ಹಿಡಿತಕ್ಕೆ ಬೆಲೆಯೂ ಇದೆ. ನಿಧಾನವಾದ ಅಲೆ ಲೋಹದ ಬಳಿ ಹೆಚ್ಚು ಹೊತ್ತು ಇರುತ್ತದೆ. ನಿಜವಾದ ಲೋಹಕ್ಕೆ ರೋಧವಿರುವುದರಿಂದ ಶಕ್ತಿ ಶಾಖವಾಗಿ ನಷ್ಟವಾಗುತ್ತದೆ, ಸಂಕೇತ ಬೇಗ ಕ್ಷೀಣಿಸುತ್ತದೆ. ಮಂಡಲ ಚಿಕ್ಕದಿರಬೇಕೋ, ಸಂಕೇತ ದೂರ ಸಾಗಬೇಕೋ? ಎರಡನ್ನೂ ತೂಗಿ ತೋಡಿನ ಆಳ ನಿರ್ಧರಿಸುವುದೇ ವಿನ್ಯಾಸಕಾರನ ಕೆಲಸ.

ನೀವೇ ಲೆಕ್ಕ ಮಾಡಿ: ಅನುರಣನೆ 2 ಟೆರಾಹರ್ಟ್ಸ್‌ನಲ್ಲಿ ಬರಬೇಕಾದರೆ ತೋಡಿನ ಆಳ ಎಷ್ಟಿರಬೇಕು? (ಉತ್ತರ: 37.5 ಮೈಕ್ರೋಮೀಟರ್)