ದಾನಕ್ಕೆ ಮೊದಲು ಹಕ್ಕು: ಸರ್ಕಾರಿ ಸವಲತ್ತುಗಳ ಬಗ್ಗೆ ನಾವು ತಿಳಿದಿರಬೇಕಾದ ನಾಲ್ಕು ಮಾತು



ಕೆಲವು ವರ್ಷಗಳ ಹಿಂದೆ ರಜೆಗೆ ಊರಿಗೆ ಹೋದಾಗ ನಮ್ಮ ಚಿಕ್ಕಮ್ಮನಿಗೆ ಒಂದು ಉಪಕಾರ ಮಾಡಿದೆ. ಅವರು ಮಕ್ಕಳಿಲ್ಲದ ವಿಧವೆ. ಹಬ್ಬಕ್ಕೆ ಅಷ್ಟಿಷ್ಟು ಹಣ ಕಳಿಸಲು ಅನುಕೂಲವಾಗಲಿ ಎಂದು ಮನೆಯ ಹತ್ತಿರದ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಸಿ, ಆಧಾರ್ ಜೋಡಿಸಿ, ನಿಶ್ಚಿಂತೆಯಿಂದ ಮಸ್ಕತ್ತಿಗೆ ಮರಳಿದೆ. ಮುಂದಿನ ತಿಂಗಳಿಂದ ಅವರ ವಿಧವಾ ವೇತನ ನಿಂತುಹೋಯಿತು! ಐದು ತಿಂಗಳು ಅವರು ಯಾರಿಗೂ ಹೇಳಲಿಲ್ಲ. ಪಕ್ಕದ ಮನೆಯವರಿಂದ ವಿಷಯ ತಿಳಿದು ಫೋನ್ ಮಾಡಿದರೆ, "ಅಷ್ಟು ದೂರದಲ್ಲಿ ದುಡಿಯೋನು ನೀನು, ಇಷ್ಟಕ್ಕೆಲ್ಲ ನಿನಗ್ಯಾಕೆ ತೊಂದರೆ ಅಂತ ಸುಮ್ಮನಿದ್ದೆ ಕಣಪ್ಪಾ" ಎಂದರು. ಆ ತಿಂಗಳುಗಳಲ್ಲಿ ಅವರು ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು.

ವಿಚಾರಿಸಿದಾಗ ತಿಳಿಯಿತು, ಹಣ ನಿಂತಿರಲಿಲ್ಲ. ಆಧಾರ್ ಮೂಲಕ ಬರುವ ಸರ್ಕಾರಿ ಹಣ ಕೊನೆಯದಾಗಿ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ. ಚಿಕ್ಕಮ್ಮ ಹಳೆಯ ಪಾಸ್‌ಬುಕ್ಕನ್ನೇ ಹಿಡಿದು ಬ್ಯಾಂಕಿಗೆ ಅಲೆಯುತ್ತಿದ್ದರು. ನಾನು ತೆರೆಸಿದ ಖಾತೆಯಲ್ಲಿ ಐದು ತಿಂಗಳ ಹಣ ತಣ್ಣಗೆ ಕುಳಿತಿತ್ತು. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆದವನು ಇಷ್ಟು ತಿಳಿದಿರಬೇಡವೇ? ಅಂದಿನಿಂದ ಈ ವಿಷಯವನ್ನು ಸ್ವಲ್ಪ ಕುಳಿತು ಓದಿದ್ದೇನೆ. ಓದಿದ್ದರಲ್ಲಿ ನಮ್ಮ ಕುಟುಂಬಗಳಿಗೆ ಉಪಯೋಗವಾಗುವಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ನಾಲ್ಕು ಪ್ರಶ್ನೆ

ಯೋಜನೆಗಳ ಹೆಸರು ನೂರಾರು. ಆದರೆ ಯಾವ ಯೋಜನೆಯಾದರೂ ಈ ನಾಲ್ಕು ಪ್ರಶ್ನೆಗಳಲ್ಲಿ ಒಂದನ್ನೋ ಎರಡನ್ನೋ ಕೇಳುತ್ತದೆ.

1. ನೀವು ಎಲ್ಲಿಯ ಪ್ರಜೆ?
2. ನಿಮ್ಮ ಹೆಸರಿನಲ್ಲಿ ಹಿಂದೆ ಯಾರಾದರೂ ಹಣ ಕಟ್ಟಿದ್ದಾರೆಯೇ?
3. ನಿಮ್ಮ ಆದಾಯ ಎಷ್ಟು?
4. ನಿಮ್ಮ ವಯಸ್ಸು ಅಥವಾ ದೇಹಸ್ಥಿತಿ ಏನು?

ಮೊದಲನೆಯದಕ್ಕೆ ಉತ್ತರ ಗುರುತಿನ ಚೀಟಿ, ಎರಡನೆಯದಕ್ಕೆ ಸೇವಾ ದಾಖಲೆ, ಮೂರನೆಯದಕ್ಕೆ ಆದಾಯ ಪ್ರಮಾಣಪತ್ರ ಮತ್ತು ಪಡಿತರ ಚೀಟಿ, ನಾಲ್ಕನೆಯದಕ್ಕೆ ವಯಸ್ಸಿನ ದಾಖಲೆ ಅಥವಾ ವೈದ್ಯಕೀಯ ಪ್ರಮಾಣಪತ್ರ. ಯಾವ ಪ್ರಶ್ನೆಗೆ ಯಾವ ಕಾಗದ ಎಂಬುದು ಗೊತ್ತಿದ್ದರೆ ಅರ್ಧ ಅಲೆದಾಟ ತಪ್ಪುತ್ತದೆ.

ಒಮಾನಿನಲ್ಲಿ ಏನಿದೆ?

2023ರ ಜುಲೈನಲ್ಲಿ ಒಮಾನ್ ಸರ್ಕಾರ ಹೊಸ ಸಾಮಾಜಿಕ ರಕ್ಷಣಾ ಕಾನೂನನ್ನು ತಂದಿತು. ಅದರಂತೆ 2024ರ ಜನವರಿಯಿಂದ 60 ವರ್ಷ ತುಂಬಿದ ಒಮಾನಿ ಪ್ರಜೆಗಳಿಗೆ ತಿಂಗಳಿಗೆ 115 ರಿಯಾಲ್, ವಿಕಲಚೇತನರಿಗೆ 130 ರಿಯಾಲ್, ಮಕ್ಕಳಿಗೆ ತಲಾ 10 ರಿಯಾಲ್ ದೊರೆಯತೊಡಗಿತು. ಗಮನಿಸಿ, ಇಲ್ಲಿ ವೃದ್ಧರನ್ನು "ನೀವು ಬಡವರೇ?" ಎಂದು ಕೇಳುವುದಿಲ್ಲ. ಪ್ರಜೆಯಾಗಿದ್ದು ವಯಸ್ಸಾಗಿದ್ದರೆ ಸಾಕು. ಆದರೆ ಅದೇ ಮೊದಲ ಪ್ರಶ್ನೆಯಲ್ಲಿ ನಾವು ಹೊರಗುಳಿಯುತ್ತೇವೆ. ಮೂವತ್ತು ವರ್ಷ ಇಲ್ಲಿ ದುಡಿದರೂ ಮುಪ್ಪಿನ ಪಿಂಚಣಿ ನಮಗಿಲ್ಲ.

ನಮಗಿರುವುದು ಎರಡನೆಯ ಬಗೆಯದು, ಗ್ರಾಚ್ಯುಟಿ. 2003ರ ಕಾರ್ಮಿಕ ಕಾನೂನಿನಲ್ಲಿ ಮೊದಲ ಮೂರು ವರ್ಷಗಳಿಗೆ ವರ್ಷಕ್ಕೆ 15 ದಿನದ, ನಂತರದ ಪ್ರತಿ ವರ್ಷಕ್ಕೆ ಒಂದು ತಿಂಗಳ ಮೂಲ ವೇತನ ಸಿಗುತ್ತಿತ್ತು. 2023ರ ಹೊಸ ಕಾನೂನಿನಲ್ಲಿ ಪ್ರತಿ ವರ್ಷಕ್ಕೂ ಒಂದು ತಿಂಗಳ ಮೂಲ ವೇತನ. ಆ ಕಾನೂನು ಬಂದ ಮೇಲೆ ಕೆಲಸಕ್ಕೆ ಸೇರಿದವರ ಮೂಲ ವೇತನ 120 ರಿಯಾಲ್ ಇದ್ದು, ಐದು ವರ್ಷ ಪೂರೈಸಿದರೆ 600 ರಿಯಾಲ್ ಬರಬೇಕು. ಲೆಕ್ಕ ಮೂಲ ವೇತನದ ಮೇಲೆಯೇ ಹೊರತು ಊಟ, ವಸತಿ ಭತ್ಯೆ ಸೇರಿದ ಒಟ್ಟು ಸಂಬಳದ ಮೇಲಲ್ಲ. ಎರಡೂ ಕಾನೂನುಗಳ ಕಾಲದಲ್ಲಿ ದುಡಿದವರು ಲೆಕ್ಕವನ್ನು ಬರಹದಲ್ಲೇ ಕೇಳಿ ಪಡೆಯಬೇಕು. ಮುಂದೆ ಇದರ ಬದಲು ಮಾಲೀಕರು ಮೂಲ ವೇತನದ ಶೇಕಡಾ 9ರಷ್ಟನ್ನು ಪ್ರತಿ ತಿಂಗಳು ಉಳಿತಾಯ ನಿಧಿಗೆ ಕಟ್ಟಬೇಕೆಂದು ಹೊಸ ಕಾನೂನು ಹೇಳುತ್ತದೆ.

ಇನ್ನೊಂದು ಮರೆತುಹೋಗುವ ಹಕ್ಕು ಪ್ರವಾಸಿ ಭಾರತೀಯ ಬಿಮಾ ಯೋಜನೆ. ಹತ್ತನೆಯ ತರಗತಿ ಮುಗಿಸದೆ, ವಲಸೆ ಅನುಮತಿ ಪಡೆದು ಕೊಲ್ಲಿಗೆ ಬರುವ ಕಾರ್ಮಿಕರಿಗೆ ಈ ವಿಮೆ ಕಡ್ಡಾಯ. ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದರೆ ಪರಿಹಾರ 10 ಲಕ್ಷ ರೂಪಾಯಿ! ಬಂದ ಮೇಲೆ ಕೆಲಸ ಬದಲಿಸಿದ್ದರೂ ಅವಧಿ ಮುಗಿಯುವವರೆಗೆ ಅದು ನಡೆಯುತ್ತದೆ, ಅವಧಿ ಮುಗಿದರೆ ನವೀಕರಿಸಬಹುದು. ನಿಮ್ಮ ಪರಿಚಯದ ಚಾಲಕರನ್ನು, ಮನೆಗೆಲಸದವರನ್ನು, ಕಟ್ಟಡ ಕೆಲಸದವರನ್ನು ಒಮ್ಮೆ ಕೇಳಿ ನೋಡಿ: "ಆ ಪಾಲಿಸಿ ಕಾಗದ ಎಲ್ಲಿದೆ? ಊರಿನಲ್ಲಿ ಮನೆಯವರಿಗೆ ಗೊತ್ತಿದೆಯೇ?"

ಊರಿನಲ್ಲಿ ಹಿರಿಯರಿಗೆ

ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಶುರುವಾಯಿತು. ಇದು 65 ವರ್ಷ ತುಂಬಿದವರಿಗೆ. 2021ರಲ್ಲಿ ಇದರ ಮೊತ್ತ 1,000 ರೂಪಾಯಿಯಿಂದ 1,200ಕ್ಕೆ ಏರಿತು. ವಿಧವಾ ವೇತನ ಅದೇ ವರ್ಷ 600ರಿಂದ 800 ಆಯಿತು. ಒಮಾನಿನ ಪಿಂಚಣಿಯಂತೆ ಇದು ಎಲ್ಲರಿಗೂ ಅಲ್ಲ. ಇಲ್ಲಿ ಆದಾಯದ ಮಿತಿ ಇದೆ, ಬೇರೆ ಪಿಂಚಣಿ ಬರುತ್ತಿರಬಾರದು. ಮಕ್ಕಳಿದ್ದರೂ ಅವರು ನೋಡಿಕೊಳ್ಳದೆ ಇರುವ ಹಿರಿಯರಿಗಾಗಿ ಮಾಡಿದ ಯೋಜನೆ ಇದು. ಆದ್ದರಿಂದ ಮಸ್ಕತ್ತಿನಲ್ಲಿ ಕಾರು ಓಡಿಸುವ ನಾವು ನಮ್ಮ ತಂದೆತಾಯಿಗಳಿಗೆ ಇದನ್ನು ಮಾಡಿಸುವುದು ಸರಿಯಲ್ಲ. ಆದರೆ ಊರಿನ ಮನೆಯಲ್ಲಿ ಮುಸುರೆ ತಿಕ್ಕುವ ಅಜ್ಜಿಗೆ, ತೋಟ ಕಾಯುವ ಮುದುಕನಿಗೆ ಅದು ಸಲ್ಲಬೇಕಾದದ್ದು. ಅರ್ಜಿ ಕೊಡುವ ಜಾಗ ಹೋಬಳಿಯ ನಾಡಕಚೇರಿ.

ಎರಡನೆಯ ಪ್ರಶ್ನೆಯ ಇನ್ನೊಂದು ಉತ್ತರ ನಮ್ಮಲ್ಲೇ ಹಲವರ ಬಳಿ ಇದೆ. ಇಲ್ಲಿಗೆ ಬರುವ ಮೊದಲು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಭವಿಷ್ಯ ನಿಧಿ ಕಟ್ಟಿದ್ದೀರಾ? ಪಿಂಚಣಿ ನಿಧಿಯಲ್ಲಿ ಒಟ್ಟು ಹತ್ತು ವರ್ಷ ಸೇವೆ ಇದ್ದರೆ 58 ತುಂಬಿದ ಮೇಲೆ ತಿಂಗಳ ಪಿಂಚಣಿ ಬರುತ್ತದೆ. ಹಳೆಯ ಕಡತ ತೆಗೆದು ನೋಡಿ.

ಆಸ್ಪತ್ರೆಯ ಖರ್ಚಿನಲ್ಲಿ ಪಡಿತರ ಚೀಟಿಯೇ ಮುಖ್ಯ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಕಾಯಿಲೆ ಬಂದ ಮೇಲೆ ಚೀಟಿ ಹುಡುಕುವುದು, ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ವಿಕಲಚೇತನ ಮಕ್ಕಳಿರುವ ಮನೆಗಳಿಗೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಆಟಿಸಂ, ಕಲಿಕಾ ತೊಂದರೆ, ತಲಸ್ಸೀಮಿಯಾ ಕೂಡ ಇದರಲ್ಲಿವೆ. ಪಿಂಚಣಿ, ಮೀಸಲಾತಿಯಂಥ ಸವಲತ್ತುಗಳಿಗೆ ಶೇಕಡಾ 40ರಷ್ಟು ವೈಕಲ್ಯ ಇರಬೇಕು. ಎಲ್ಲಕ್ಕೂ ಬಾಗಿಲು ಯು.ಡಿ.ಐ.ಡಿ. ಕಾರ್ಡು. ಅರ್ಜಿಯನ್ನು ಇಲ್ಲಿಂದಲೇ ಅಂತರ್ಜಾಲದಲ್ಲಿ ಹಾಕಬಹುದು, ಆದರೆ ಮಗುವಿನ ತಪಾಸಣೆಗೆ ಊರಿನ ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷದವರೆಗೆ ಇದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಇಂಥ ಮಗುವಿಗೆ 18 ತುಂಬಿದ ದಿನ ತಂದೆತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಈ ನಾಲ್ಕು ಬಗೆಯವರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯಿಂದ ಪೋಷಕರ ನೇಮಕ ಪತ್ರ ಪಡೆಯಬೇಕು. "ನಮ್ಮ ನಂತರ ಇವನಿಗೆ ಯಾರು?" ಎಂದು ರಾತ್ರಿ ನಿದ್ದೆಗೆಡುವ ಪೋಷಕರು ನಮ್ಮ ನಡುವೆಯೂ ಇದ್ದಾರೆ. ಆ ಪ್ರಶ್ನೆಗೆ ಪೂರ್ಣ ಉತ್ತರ ಯಾವ ಕಾಗದದಲ್ಲೂ ಇಲ್ಲ. ಆದರೆ ಮೊದಲ ಕಾಗದ ಇದೇ.

ಈ ಸಲ ರಜೆಗೆ ಹೋದಾಗ

• ಹಿರಿಯರ ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ ಮೂರರಲ್ಲೂ ಹೆಸರು, ಜನ್ಮದಿನ ಒಂದೇ ಇದೆಯೇ ನೋಡಿ.
• ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ. ನನ್ನ ತಪ್ಪು ನೀವು ಮಾಡಬೇಡಿ.
• ಅವರ ಫೋನ್ ನಂಬರ್ ಬದಲಾಗಿದ್ದರೆ ಆಧಾರ್‌ನಲ್ಲೂ ಬದಲಿಸಿ.
• ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆದು ಫೋಟೋ ತೆಗೆದಿಟ್ಟುಕೊಳ್ಳಿ.
• ಮೊತ್ತ, ಮಿತಿಗಳು ಬದಲಾಗುತ್ತಿರುತ್ತವೆ. ಅರ್ಜಿಗೆ ಮುನ್ನ ಕಚೇರಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ.

ಕೊನೆಯ ಮಾತು

ಈ ಸ್ಮರಣ ಸಂಚಿಕೆ ಬರುವುದೇ ನಿಧಿ ಸಂಗ್ರಹಕ್ಕಾಗಿ. ಹಾಗಿರುವಾಗ ಹಕ್ಕಿನ ಮಾತೇಕೆ ಎಂದು ನೀವು ಕೇಳಬಹುದು. ಸಂಘದ ನಿಧಿ ಹನಿ ಹನಿ ಕೂಡಿದ್ದು. ಒಬ್ಬ ಅಜ್ಜಿಗೆ ನಾವು ಒಮ್ಮೆ ಐದು ಸಾವಿರ ಕೊಡಬಲ್ಲೆವು. ಆದರೆ ಅವರ ಸಂಧ್ಯಾ ಸುರಕ್ಷಾ ಅರ್ಜಿ ತುಂಬಿಕೊಟ್ಟರೆ 1,200ರಂತೆ ವರ್ಷಕ್ಕೆ 14,400 ರೂಪಾಯಿ, ಬದುಕಿರುವವರೆಗೂ ಬರುತ್ತದೆ, ಅದೂ ಯಾರ ಮುಂದೆಯೂ ಕೈಚಾಚದೆ. ಹಕ್ಕು ಎಲ್ಲಿಗೆ ಮುಟ್ಟುವುದಿಲ್ಲವೋ ಅಲ್ಲಿಗೆ ನಮ್ಮ ದಾನ ಮುಟ್ಟಲಿ. ಕೈಲಾದಷ್ಟು ಹಣ ಕೊಡಿ, ಜೊತೆಗೆ ರಜೆಯ ಒಂದು ಬೆಳಗ್ಗೆಯನ್ನೂ ಕೊಡಿ. ಒಬ್ಬ ಹಿರಿಯರ ಕೈ ಹಿಡಿದು ನಾಡಕಚೇರಿಯ ಮೆಟ್ಟಿಲು ಹತ್ತಿಸಿ.

ಅಂದ ಹಾಗೆ, ಚಿಕ್ಕಮ್ಮ ಈಗ ಹೊಸ ಪಾಸ್‌ಬುಕ್ಕನ್ನು ದೇವರ ಮನೆಯಲ್ಲಿಟ್ಟಿದ್ದಾರೆ. ಹಣ ಬಂದ ದಿನ ನನಗೊಂದು ಮಿಸ್ಡ್ ಕಾಲ್ ಕೊಡುತ್ತಾರೆ. ಆ ತಿಂಗಳ ಮಾತ್ರೆ ಬಂತು ಎಂದು ಅದರರ್ಥ.