ಬಿಲ್ಲು-ಬೈರಿಗೆಯಿಂದ ಬೆಂಕಿ

ಬೆಂಕಿಪೆಟ್ಟಿಗೆಯೂ ಅನಿಲದ ಒಲೆಯೂ ಇರುವ ಮನೆಗಳ ಹೆಣ್ಣುಮಕ್ಕಳಿಗೆ ಮರವನ್ನು ತಿಕ್ಕಿ ಬೆಂಕಿ ಮಾಡುವ ಪಾಠವೇಕೆಂದು ಕೆಲವರು ತಾಯಿತಂದೆಗಳು ನಮ್ಮನ್ನು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ. ಘರ್ಷಣದಿಂದ ಉಷ್ಣವುಂಟಾಗುತ್ತದೆಂಬ ವಾಕ್ಯವನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಾಯಿಪಾಠವಾಗಿ ಒಪ್ಪಿಸಬಲ್ಲರು. ಆದರೆ ಆ ಉಷ್ಣವು ಎಲ್ಲಿ ಹುಟ್ಟುತ್ತದೆ, ಎಲ್ಲಿ ವ್ಯರ್ಥವಾಗುತ್ತದೆ ಎಂದು ಕೇಳಿದರೆ ಹಲವರು ಸುಮ್ಮನಾಗುತ್ತಾರೆ. ಅದನ್ನು ಬಿಲ್ಲು-ಬೈರಿಗೆಯು ಕೈಗೇ ಕಲಿಸುತ್ತದೆ.

ಉಪಕರಣವು ನಮಗೆ ಅಪರಿಚಿತವಾದುದಲ್ಲ. ಹಗ್ಗ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆದು ಮಜ್ಜಿಗೆ ಮಾಡುತ್ತಿದ್ದ ಕಡೆಗೋಲನ್ನು ಹಳೆಯ ವಿದ್ಯಾರ್ಥಿನಿಯರು ಬಲ್ಲರು. ವೈದಿಕ ಯಜ್ಞಗಳಲ್ಲಿ ಅರಣಿಯನ್ನು ಕಡೆಯುವುದೂ ಹೀಗೆಯೇ. ಒಬ್ಬರು ಒತ್ತಿ ಹಿಡಿದರೆ ಮತ್ತೊಬ್ಬರು ಹಗ್ಗವೆಳೆಯುತ್ತಾರೆ. ಹಗ್ಗದ ಎರಡು ತುದಿಗಳನ್ನೂ ಬಾಗಿದ ಕೋಲೊಂದಕ್ಕೆ ಕಟ್ಟಿದರೆ ಒಬ್ಬರೇ ಎರಡು ಕೆಲಸವನ್ನೂ ಮಾಡಬಹುದು. ಈಜಿಪ್ಟಿನಲ್ಲಿ 1922ರಲ್ಲಿ ಪತ್ತೆಯಾದ ತೂತಂಖಾಮನ್ ಅರಸನ ಸಮಾಧಿಯಲ್ಲಿ, 3300 ವರ್ಷಗಳಷ್ಟು ಹಳೆಯದಾದ ಇಂಥದೇ ಬೈರಿಗೆಯೊಂದು ದೊರೆಯಿತು.

ಚೆನ್ನಾಗಿ ಒಣಗಿದ ತೆಳುಹಲಗೆ, ಹೆಬ್ಬೆರಳ ಗಾತ್ರದ ಗೇಣುದ್ದದ ಕಡ್ಡಿ, ಮೊಳದುದ್ದದ ಬಿಲ್ಲು, ಕಡ್ಡಿಯನ್ನು ಮೇಲಿನಿಂದ ಒತ್ತಲು ಕುಳಿಯುಳ್ಳ ಕಲ್ಲು: ಇಷ್ಟು ಸಾಕು. ಉಗುರೂರಿದರೆ ಗುರುತು ಬೀಳುವ ಮರವೇ ಉತ್ತಮ. ತೇಗ, ಬೀಟೆಗಳು ಸಲ್ಲವು. ಹಲಗೆಯ ಅಂಚಿನ ಬಳಿ ಕಡ್ಡಿ ಕೂರುವಷ್ಟು ಕುಳಿ ಮಾಡಿ, ಅಂಚಿನಿಂದ ಆ ಕುಳಿಯ ನಡುವಿನವರೆಗೆ ಒಂದು ಕಚ್ಚು ಕೊರೆಯಬೇಕು. ತಿರುಗುವ ಕಡ್ಡಿಯಿಂದ ಸವೆದ ಪುಡಿಯು ಆ ಕಚ್ಚಿನಲ್ಲಿ ಒಟ್ಟುಗೂಡಿ, ಗಾಳಿಯ ಸಂಪರ್ಕವನ್ನೂ ಪಡೆಯುತ್ತದೆ. ಕಚ್ಚನ್ನು ಮರೆತವರಿಗೆ ಹೊಗೆಯಲ್ಲದೆ ಬೆಂಕಿ ದೊರೆಯದು.

ಕಡ್ಡಿಯ ಮೇಲ್ತುದಿಗೆ ಹರಳೆಣ್ಣೆ ಹಚ್ಚಬೇಕು, ಕೆಳತುದಿಗೆ ಎಂದಿಗೂ ಹಚ್ಚಬಾರದು. ಏಕೆಂಬುದನ್ನು ನಾವು ಮೊದಲೇ ಹೇಳುವುದಿಲ್ಲ. ಎಣ್ಣೆಯಿಲ್ಲದೆ ಆರಂಭಿಸಿದ ಹುಡುಗಿಯು, ಕಲ್ಲು ಬಿಸಿಯಾಗಿ ಅಂಗೈಗೆ ತಾಗಿದಾಗ, ತನ್ನ ಶ್ರಮದ ಅರ್ಧವು ತಪ್ಪು ತುದಿಯಲ್ಲಿ ಕಳೆದುಹೋಯಿತೆಂದು ತಾನೇ ಕಂಡುಕೊಳ್ಳುತ್ತಾಳೆ. ಮ್ಯೂನಿಕ್ ನಗರದಲ್ಲಿ ಫಿರಂಗಿಯ ಲೋಹವನ್ನು ನೀರಿನೊಳಗೆ ಕೊರೆಯಿಸಿದ ಕೌಂಟ್ ರಮ್‌ಫರ್ಡನು, ಆ ನೀರು ಎರಡೂವರೆ ಗಂಟೆಯಲ್ಲಿ ಕುದಿದುದನ್ನು 1798ರಲ್ಲಿ ವರದಿ ಮಾಡಿದನು. ಉಷ್ಣವು ವಸ್ತುಗಳಲ್ಲಿ ಅಡಗಿರುವ ಒಂದು ದ್ರವವೆಂಬ ಅಂದಿನ ಮತವನ್ನು ಅವನು ಒಪ್ಪದೆ, ಅದು ಚಲನೆಯೇ ಎಂದು ವಾದಿಸಿದನು. ಅವನ ಕುದುರೆಗಳು ಮಾಡಿದ ಕೆಲಸವನ್ನೇ ಇಲ್ಲಿ ಹುಡುಗಿಯ ತೋಳು ಮಾಡುತ್ತದೆ.

ತೋಳ್ಬಲವೇ ಮುಖ್ಯವೆಂದು ತಿಳಿಯಬಾರದು. ಮೊದಲ ನಿಮಿಷದಲ್ಲಿಯೇ ರಭಸದಿಂದ ಎಳೆದು ಬಳಲಿದವರಿಗಿಂತ, ಬಿಲ್ಲಿನ ಪೂರ್ಣ ಉದ್ದವನ್ನು ಬಳಸಿ ಸಮನಾಗಿ ಎಳೆದ ಚಿಕ್ಕ ಹುಡುಗಿಯರಿಗೆ ಮೊದಲು ಕೆಂಡ ದೊರೆತುದನ್ನು ನಾವು ಕಂಡಿದ್ದೇವೆ. ಪುಡಿಯ ಬಣ್ಣವನ್ನು ಗಮನಿಸಬೇಕು. ಕಂದಾಗಿದ್ದರೆ ಒತ್ತಡವೋ ವೇಗವೋ ಸಾಲದು, ಕಪ್ಪಾದರೆ ಸರಿ. ಹೊಗೆ ಕಂಡೊಡನೆ ಬಹುಮಂದಿ ಸಂತೋಷದಿಂದ ಕೈಬಿಡುತ್ತಾರೆ. ಆಗ ಬಿಡಬಾರದು, ಆಗಲೇ ವೇಗವನ್ನು ಹೆಚ್ಚಿಸಬೇಕು. ಬಿಲ್ಲು ನಿಂತ ಮೇಲೆಯೂ ಪುಡಿಯ ಗುಡ್ಡೆಯಿಂದಲೇ ಹೊಗೆ ಏಳುತ್ತಿದ್ದರೆ ಕೆಂಡ ಹುಟ್ಟಿತೆಂದು ತಿಳಿಯಬಹುದು.

ಆ ಕೆಂಡವು ಕಡಲೆಕಾಳಿನಷ್ಟೇ ಇರುತ್ತದೆ. ಅವಸರಪಟ್ಟು ಊದಿದರೆ ಚದರಿಹೋಗುವುದು. ಸ್ವಲ್ಪ ಹೊತ್ತು ಬಿಟ್ಟು, ತೆಂಗಿನ ನಾರಿನ ಗೂಡಿಗೆ ಮೆಲ್ಲನೆ ಜಾರಿಸಿ, ಮುಖವನ್ನು ದೂರವಿಟ್ಟು ನೀಳವಾಗಿ ಊದಬೇಕು. ಇದಕ್ಕೆ ಮೊದಲೇ ಜಡೆಗಳನ್ನು ಮೇಲಕ್ಕೆ ಕಟ್ಟಿರಬೇಕು. ನೀರಿನ ಬಕೀಟು ಪಕ್ಕದಲ್ಲಿರಬೇಕು. ಬೂದಿಗೆ ನೀರು ಸುರಿದು, ಅದು ತಣ್ಣಗಾಯಿತೆಂದು ಮುಟ್ಟಿ ನೋಡಿದ ಮೇಲೆಯೇ ಹುಡುಗಿಯರು ತರಗತಿಗೆ ಮರಳುತ್ತಾರೆ.