ಹಲವು ಡೇಟಾಬೇಸ್, ಒಂದೇ ಸ್ಕ್ರಿಪ್ಟ್

ಪ್ರಶ್ನೆ: ಕಚೇರಿಯಲ್ಲಿ ಹತ್ತಾರು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗಳಿವೆ. ದಿನವೂ ಒಂದೊಂದಕ್ಕೂ ಲಾಗಿನ್ ಆಗಿ ಅದೇ ಕ್ವೆರಿ ಓಡಿಸಬೇಕು. ಬೇರೆ ದಾರಿಯಿಲ್ಲವೇ?

ಉತ್ತರ: ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಲಿನಕ್ಸ್‌ನ ಶೆಲ್ ಜೊತೆಗೆ ಎರಡು ಟೆಕ್ಸ್ಟ್ ಫೈಲ್ ಸಾಕು. ಒಂದರಲ್ಲಿ ಡೇಟಾಬೇಸ್‌ಗಳ ಹೆಸರು, ಸಾಲಿಗೊಂದರಂತೆ. ಇನ್ನೊಂದರಲ್ಲಿ ಎಸ್‌ಕ್ಯುಎಲ್ ಕಮಾಂಡ್‌ಗಳು. ಶೆಲ್‌ನ 'ವೈಲ್ ರೀಡ್' ಲೂಪ್ ಹೆಸರುಗಳನ್ನು ಒಂದೊಂದಾಗಿ ಓದುತ್ತದೆ, ಪ್ರತಿ ಹೆಸರಿಗೂ ಪೋಸ್ಟ್‌ಗ್ರೆಸ್‌ನ ಕಮಾಂಡ್ ಲೈನ್ ಪ್ರೋಗ್ರಾಂ 'ಪಿಎಸ್‌ಕ್ಯುಎಲ್' ಆ ಕಮಾಂಡ್‌ಗಳನ್ನು ಓಡಿಸುತ್ತದೆ. ಹೊಸ ಡೇಟಾಬೇಸ್ ಬಂದರೆ ಪಟ್ಟಿಗೊಂದು ಸಾಲು ಸೇರಿಸಿದರಾಯಿತು, ಸ್ಕ್ರಿಪ್ಟನ್ನು ಮುಟ್ಟಬೇಕಿಲ್ಲ.

ಹೆಚ್ಚಿನವರು ಎಡವುವುದು ಇಲ್ಲಿ: ಫೈಲಿನ ಮೂರನೇ ಕಮಾಂಡ್ ವಿಫಲವಾದರೂ ಪಿಎಸ್‌ಕ್ಯುಎಲ್ ನಿಲ್ಲದೆ ನಾಲ್ಕನೆಯದಕ್ಕೆ ಹೋಗುತ್ತದೆ. ಟೇಬಲ್ ನಕಲಾಗದೆ, ಅದರ ಹಳೇ ಸಾಲುಗಳು ಮಾತ್ರ ಅಳಿಸಿಹೋದರೆ ಗತಿಯೇನು? 'ಆನ್ ಎರರ್ ಸ್ಟಾಪ್' ವೇರಿಯಬಲ್‌ಗೆ 1 ಕೊಟ್ಟರೆ ಮೊದಲ ತಪ್ಪಿಗೇ ಕೆಲಸ ನಿಂತು, ಶೆಲ್‌ಗೆ 3 ಎಂಬ ಸಂಕೇತ ಮರಳುತ್ತದೆ. 'ಸಿಂಗಲ್ ಟ್ರಾನ್ಸಾಕ್ಷನ್' ಆಯ್ಕೆಯನ್ನೂ ಸೇರಿಸಿದರೆ, ಅಲ್ಲಿಯವರೆಗೆ ಆದ ಬದಲಾವಣೆಗಳೂ ರದ್ದಾಗುತ್ತವೆ.

ಪಾಸ್‌ವರ್ಡನ್ನು ಸ್ಕ್ರಿಪ್ಟ್‌ನಲ್ಲಿ ಬರೆಯಲೇಬಾರದು. ಹೋಮ್ ಡೈರೆಕ್ಟರಿಯ 'ಪಿಜಿಪಾಸ್' ಫೈಲ್ ಇರುವುದೇ ಅದಕ್ಕೆ. ಅದರ ಅನುಮತಿ 0600 ಆಗಿರಲಿ. ಬೇರೆಯವರೂ ಓದುವಂತಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಪರಿಗಣಿಸುವುದೇ ಇಲ್ಲ.

ರಾತ್ರಿ 2.30ಕ್ಕೆ ತಾನಾಗಿ ಓಡಬೇಕೆಂದರೆ ಕ್ರಾನ್ ಇದೆ. ಟರ್ಮಿನಲ್‌ನಲ್ಲಿ ಸರಿಯಿದ್ದ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಕೈಕೊಟ್ಟರೆ ಮೊದಲು, ಪ್ರೋಗ್ರಾಂಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ಹೇಳುವ 'ಪಾತ್' ವೇರಿಯಬಲ್ ನೋಡಬೇಕು: ಅಲ್ಲಿ ಅದು ತೀರಾ ಚಿಕ್ಕದಿರುವುದರಿಂದ ಪ್ರೋಗ್ರಾಂಗಳ ಪೂರ್ಣ ವಿಳಾಸ ಬರೆಯುವುದು ಕ್ಷೇಮ.

ಮೊದಲ ದಿನ ಪಟ್ಟಿಯಲ್ಲಿ ಒಂದೇ ಹೆಸರಿರಲಿ, ಅದೂ ಪರೀಕ್ಷೆಗೆಂದು ಇಟ್ಟ ಡೇಟಾಬೇಸಿನದು.